ಯಾಹನ್ ಯಾರವನು

ವೆಂಡೆಲ್ ಮ್ಯಾಕಿಂಡೋರ್ ತೋರಸೇ ದ್ವೀಪದ ಹಡಗುಕಟ್ಟೆಯಲ್ಲಿ ಇಳಿದಾಗ ಕಿಲ್ಟ್ ಉಟ್ಟಿದ್ದ, ಅಂದರೆ ಮೊಣಕಾಲವರೆಗಿನ ಚೌಕಳಿ ಲಂಗ. ಇಲ್ಲಿ ಕಿಲ್ಟ್ ಉಡುವವನು ಮದುಮಗ ಒಬ್ಬನೇ. ಅವನೂ ಬಾಡಿಗೆಗೆ ತಂದು, ಗಾಳಿಯಲ್ಲಿ ಮಾನ ಕಾಪಾಡಿಕೊಳ್ಳುವಷ್ಟರಲ್ಲಿ ಸಾಕುಸಾಕಾಗಿ, ಮಾರನೆಯ ದಿನವೇ ವಾಪಸು ಕಳಿಸಿಬಿಡುತ್ತಾನೆ. ಈ ಮನುಷ್ಯ ಕೆನಡಾದಿಂದ ಅದನ್ನು ಉಟ್ಟುಕೊಂಡೇ ಬಂದಿದ್ದ. ಹಲ್ಲಿನ ಡಾಕ್ಟರಾಗಿದ್ದು ನಿವೃತ್ತನಾದವನು, ಹೆಂಡತಿ ತೀರಿಕೊಂಡು ಮೂರು ವರ್ಷ. ಮೀನಖಂಡದ ಮೇಲೆ ಗಂಟುಗಂಟಾದ ಹೆಣಿಗೆಯ ಶಿಲುಬೆಯ ಹಚ್ಚೆ. ಕಣ್ಣು ಮಾತ್ರ ಪಾಪದವನದು.

ಅವನಿಗೆ ಮೊದಲು ಎದುರಾದವನು ಅಂಚೆಯ ಫಿನ್ಲೆ. ವೆಂಡೆಲ್ ಕೈ ಚಾಚಿ, "ನಾನು ಕೆಲ್ಟ್ ಕುಲದವನು," ಎಂದ.

"ಸಂತೋಷ. ನಾನು ಅಂಚೆಯವನು," ಎಂದ ಫಿನ್ಲೆ.

ಸಂಜೆಯೊಳಗೆ ಈ ಮಾತು ಊರೆಲ್ಲ ಸುತ್ತಿತು. ಆಮೇಲೆ ವೆಂಡೆಲ್ ಬಾಯಿ ಬಿಟ್ಟಲ್ಲೆಲ್ಲ ನಗುವೇ. ಹಳೆಯ ಕಾಲದ ಕೆಲ್ಟ್ ಜನರಿಂದ ಬಂದ ನಮ್ಮ ಗೇಲಿಕ್ ಮಾತನ್ನು ಅವನು ಫೋನಿನಲ್ಲಿ ಕಲಿತು ಬಂದಿದ್ದ. ಅಂಗಡಿಗೆ ಹೋಗಿ, "ಮಾತೆ, ತಾವು ಕ್ಷೇಮವಾಗಿರುವಿರಾ? ಹವೆಯು ಮನೋಹರವಾಗಿರುವುದು," ಎನ್ನುವನು. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿರುವುದು. ಆದರೂ ಹೇಳುತ್ತೇನೆ, ನಮ್ಮ ಎಷ್ಟೋ ಹುಡುಗರು ಬಾಯಿಂದ ಉದುರಿಸಿಬಿಟ್ಟ ಮಾತನ್ನು ಅವನು ಆಯ್ದುಕೊಳ್ಳಲು ಬಂದಿದ್ದ. ನಗುವವರು ಅದನ್ನೂ ಸ್ವಲ್ಪ ಯೋಚಿಸಬೇಕಿತ್ತು.

ಅವನು ಬಂದದ್ದು ಸಂತ ಲೂರಾನನ ಗಂಟೆಯನ್ನು ನೋಡಲು. ಕೈಯಲ್ಲಿ ಹಿಡಿಯುವ ಕಬ್ಬಿಣದ ಗಂಟೆ ಅದು. ನೋಡಲು ದನದ ಕೊರಳಿನದಕ್ಕಿಂತ ಚೆಂದವೇನಿಲ್ಲ. ಸಂತನ ಸೇವಕನಿಂದ ಶುರುವಾಗಿ ಮ್ಯಾಕಿಂಡೋರ್ ಮನೆತನವೇ ಅದನ್ನು ಕಾಯುತ್ತ ಬಂದಿದೆ ಎಂಬುದು ದ್ವೀಪದ ಮಾತು. ವೆಂಡೆಲನ ಮುತ್ತಜ್ಜನ ತಂದೆ ಅದೇ ಮನೆಯಿಂದ ಹಡಗು ಹತ್ತಿ ಹೋದವನು. ಉಳಿದುಕೊಂಡ ಅಣ್ಣನ ಕವಲಿನಲ್ಲಿ ಈಗ ಇದ್ದವಳು ಓಯ್ರಿಕ್ ಒಬ್ಬಳೇ.

ಓಯ್ರಿಕ್ ಶಾಲೆಯ ಅಡುಗೆಮನೆಯಲ್ಲಿ ದುಡಿದು ಬಿಡುವಾದವಳು, ಅರವತ್ತು ದಾಟಿದವಳು, ಮದುವೆ ಆಗದವಳು. ಅವಳ ಅಪ್ಪ ಯಾಹನ್ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಆಗಸ್ಟಿನಲ್ಲಿ ಬರುವ ಸಂತನ ಹಬ್ಬಕ್ಕೆ ಗಂಟೆ ಹಿಡಿಯುವ ಸರದಿ ಅವಳದು. ಹಬ್ಬದ ದಿನ ಗುಡ್ಡದ ಮೇಲಿನ ಸಂತನ ಮುರುಕು ಗುಡಿಯ ಬಾಗಿಲಲ್ಲಿ ದ್ವೀಪದ ಅತಿ ಹಿರಿಯರೊಬ್ಬರು ಅಡ್ಡ ನಿಂತು, "ಯಾರವನು ನೀನು?" ಎಂದು ಕೇಳುತ್ತಾರೆ. ಗಂಟೆ ಹಿಡಿದವನು ತನ್ನಿಂದ ಹಿಡಿದು ಸಂತನ ಸೇವಕನವರೆಗೆ ಹೆಸರು ಹೇಳಬೇಕು. ಹೇಳಿದರೆ ದಾರಿ, ಇಲ್ಲದಿದ್ದರೆ ಇಲ್ಲ. ಓಯ್ರಿಕ್ ಆ ಹೆಸರುಗಳನ್ನು ಕೋಳಿಗೆ ಕಾಳು ಹಾಕುವಾಗಲೂ ಗೊಣಗಿಕೊಳ್ಳುತ್ತಿದ್ದಳು. ಅಪ್ಪ ಹಿಡಿದ ಗಂಟೆಯನ್ನು ಹಿಡಿಯಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ.

ವೆಂಡೆಲನನ್ನು ಅವಳು ಒಲೆಯ ಪಕ್ಕ ಕೂರಿಸಿ, ಚಹಾ ಬಗ್ಗಿಸಿ, ಓಟ್ಸ್ ರೊಟ್ಟಿಗೆ ಬೆಣ್ಣೆ ಸವರಿ ಕೊಟ್ಟಳು. ಫ್ಲಾನಲ್ ಬಟ್ಟೆ ಬಿಚ್ಚಿ ಗಂಟೆ ತೋರಿಸಿದಾಗ ಅವನು ಎದ್ದು ನಿಂತುಬಿಟ್ಟ.

"ನಮ್ಮ ಕೆಲ್ಟರ ಕ್ರೈಸ್ತಧರ್ಮವೇ ಬೇರೆಯದು," ಎಂದ ಗದ್ಗದನಾಗಿ. "ಅದು ರೋಮಿನದಲ್ಲ. ಅಲೆಗಳ, ಹಕ್ಕಿಗಳ, ಬಂಡೆಗಳ ಧರ್ಮ."

"ನಾವು ರೋಮಿನೋರೇ ಕಣಪ್ಪಾ," ಎಂದಳು ಓಯ್ರಿಕ್. "ಅಗೋ ನೋಡು, ಗೋಡೆ ಮೇಲೆ ಪೋಪನ ಪಟ. ಹಕ್ಕಿಗೆ ಯಾರಾದ್ರೂ ಪಾಪನಿವೇದನೆ ಮಾಡ್ತಾರಾ? ಕೂತ್ಕೋ, ಚಾ ಆರುತ್ತೆ."

ಹೀಗೆ ಬೈಸಿಕೊಂಡೇ ಅವನು ದಿನಾ ಬರತೊಡಗಿದ. ಬೇಸಿಗೆಗೆಂದು ಹಡಗುಕಟ್ಟೆಯ ಬಳಿ ಒಂದು ಕೋಣೆ ಹಿಡಿದಿದ್ದ. ಜೌಗುನೆಲದಿಂದ ಸೌದೆಯ ಹಾಗೆ ಒಲೆಗೆ ಉರಿಸುವ ಒಣಮಣ್ಣಿನ ಹೆಂಟೆ ಹೊತ್ತು ತಂದ, ಬೇಲಿ ರಿಪೇರಿ ಮಾಡಿದ, ಅವಳ ಸಡಿಲ ಹಲ್ಲೊಂದನ್ನು ನೋವಾಗದಂತೆ ಕಿತ್ತುಕೊಟ್ಟ. ಓಯ್ರಿಕ್‌ಗೂ ಅವನ ಮಾತು ಹಿಡಿಸಿತು. ಅವಳದು ಹುಟ್ಟಾ ಕೆದಕುವ ಬುದ್ಧಿ. ಚಿಕ್ಕವಳಿದ್ದಾಗ ಪಾದ್ರಿಯನ್ನು, "ಸಂತನಿಗೆ ಮೀನಿನ ಮುಳ್ಳು ಚುಚ್ಚುತ್ತಿರಲಿಲ್ಲವೇ?" ಎಂದು ಕೇಳಿ ಮೂಲೆಯಲ್ಲಿ ನಿಂತವಳು. ಹಾಗಾಗಿ ವೆಂಡೆಲ್ ಒಂದು ದಿನ ಎಂಜಲು ತುಂಬುವ ಎರಡು ಪುಟ್ಟ ಕೊಳವೆ ತಂದಾಗ ಅವಳ ಕಿವಿ ನೆಟ್ಟಗಾಯಿತು.

"ಇದರಲ್ಲಿ ಉಗುಳಿದರೆ ನಮ್ಮಿಬ್ಬರ ವಂಶವೃಕ್ಷದ ಕೊಂಬೆಗಳು ಎಲ್ಲಿ ಕೂಡುವವೆಂದು ತಿಳಿಯುವುದು," ಎಂದ.

"ಉಗುಳಿದ್ರೆ ಮುತ್ತಜ್ಜ ಸಿಗ್ತಾನಾ? ಇಷ್ಟು ದಿನ ಸುಮ್ನೆ ನೆಲಕ್ಕೆ ಉಗುಳಿ ಹಾಳು ಮಾಡಿದ್ವಲ್ಲೋ!" ಎಂದು ನಕ್ಕು, ಅವಳೇ ಮೊದಲು ಉಗುಳಿದಳು.

ಫಲಿತಾಂಶ ಬಂದದ್ದು ಹಬ್ಬಕ್ಕೆ ನಾಲ್ಕು ದಿನ ಇರುವಾಗ. ವೆಂಡೆಲ್ ಫೋನ್ ಹಿಡಿದು ಅಡುಗೆಮನೆಗೆ ಬಂದ. ಕೂರಲಿಲ್ಲ. ಅವನ ಪುಸ್ತಕದ ಭಾಷೆಯೂ ಆ ದಿನ ಕೈಕೊಟ್ಟಿತ್ತು.

"ಏನಂತೆ?" ಎಂದಳು ಓಯ್ರಿಕ್. "ನಿನ್ನ ಕೆಲ್ಟರೆಲ್ಲ ಸಿಕ್ಕರಾ?"

"ನನ್ನ ರಕ್ತ ಈ ದ್ವೀಪದ್ದು. ಸುತ್ತಲಿನ ದ್ವೀಪಗಳಲ್ಲಿ ನನಗೆ ತುಂಬ ನೆಂಟರು."

"ಮತ್ತೆ ನನ್ನದು?"

ಅವನು ಫೋನನ್ನೇ ಅವಳ ಮುಂದಿಟ್ಟ. ಅರ್ಧ ಭಾಗ ಇಲ್ಲಿಯದು. ಅದು ಪಕ್ಕದ ದ್ವೀಪದಿಂದ ಬಂದ ಅವಳ ತಾಯಿಯ ಪಾಲು. ಇನ್ನರ್ಧ, ಅಂದರೆ ಯಾಹನ್‌ನ ಪಾಲು, ಇಡಿಯಾಗಿ ಲಿಥುವೇನಿಯಾದ್ದು. ಓಯ್ರಿಕ್ ಕನ್ನಡಕ ಒರೆಸಿ ಮತ್ತೆ ಓದಿದಳು. ವೆಂಡೆಲ್‌ಗೂ ಅವಳಿಗೂ ಮ್ಯಾಕಿಂಡೋರ್ ಕಡೆಯಿಂದ ಒಂದು ಹನಿಯ ಸಂಬಂಧವೂ ಇರಲಿಲ್ಲ.

"ತಪ್ಪಾಗಿರಬಹುದು," ಎಂದ ಅವನು.

"ತಪ್ಪಾಗಿದೆಯಾ?"

ಸುಳ್ಳು ಹೇಳಲು ಅವನಿಗೆ ಬರಲಿಲ್ಲ. "ಇಲ್ಲ," ಎಂದ.

ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಅಪ್ಪನ ಮೇಲೆ ಕೋಪ. ಮಾರುವ ಏಡಿ ಟೊಳ್ಳಾಗಿದ್ದರೆ ಕೊಳ್ಳುವವನಿಗೆ ತಾನೇ ಮುಂದಾಗಿ ಹೇಳುತ್ತಿದ್ದ ಮನುಷ್ಯ ಸಂತನ ಬಾಗಿಲಲ್ಲಿ ನಿಂತು ವರ್ಷವರ್ಷವೂ ಯಾರದೋ ಹೆಸರುಗಳನ್ನು ತನ್ನವೆಂದು ಹೇಳಿದನೇ? ಅವಳು ಬೀರು ತೆಗೆದು, ಫ್ಲಾನಲ್ ಸಮೇತ ಗಂಟೆಯನ್ನು ಎತ್ತಿ ವೆಂಡೆಲನ ತೋಳಿಗೆ ತುರುಕಿದಳು.

"ತಗೋ. ನಿಂದು."

"ಓಯ್ರಿಕ್, ಬೇಡ..."

"ರಕ್ತ ನಿಂದು, ಹೆಸರು ನಿಂದು. ನಾನು ಯಾವಳೋ. ದೇವರ ಮನೇಲಿ ಸುಳ್ಳು ಹೇಳೋಳಲ್ಲ ನಾನು. ಹೋಗು, ಭಾನುವಾರ ನೀನೇ ಹಿಡಿ."

ಅವನು ಗಂಟೆಯನ್ನು ಎದೆಗವಚಿಕೊಂಡು ನಿಂತ. ಕಣ್ಣಲ್ಲಿ ನೀರು ಬಂತು. ಆಸೆ ಇರಲಿಲ್ಲವೆಂದರೆ ಸುಳ್ಳಾದೀತು. ಅವನು ಹುಡುಗನಾಗಿದ್ದಾಗಿನಿಂದ ಅವನ ಅಜ್ಜ ಇದೇ ಗಂಟೆಯ ಕತೆ ಹೇಳಿ ಮಲಗಿಸುತ್ತಿದ್ದನಂತೆ. ಗಂಟೆಯನ್ನು ತೆಗೆದುಕೊಂಡು ಹೋದ.

ಮಾರನೆಯ ಬೆಳಿಗ್ಗೆ ಓಯ್ರಿಕ್ ಮಾರ್ಸಲಿ ಮುದುಕಿಯ ಮನೆಗೆ ನಡೆದಳು. ದ್ವೀಪಕ್ಕೆಲ್ಲ ಹಿರಿಯಳು ಮಾರ್ಸಲಿ, ತೊಂಬತ್ತು ದಾಟಿದವಳು. ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವವಳು ಅವಳೇ. ಒಲೆಯ ಮುಂದೆ ಕೂತು ಕಾಲುಚೀಲ ಹೆಣೆಯುತ್ತಿದ್ದಳು.

"ಅಪ್ಪ ಯಾರ ಮಗ?" ಓಯ್ರಿಕ್ ನಿಂತೇ ಕೇಳಿದಳು.

"ಬಾಗಿಲು ಹಾಕು, ಗಾಳಿ ಬರುತ್ತೆ," ಎಂದಳು ಮಾರ್ಸಲಿ. "ಆ ಹಲ್ಲಿನ ಡಾಕ್ಟ್ರು ಏನೋ ಉಗುಳಿಸಿಕೊಂಡ ಅಂತ ಫಿನ್ಲೆ ಹೇಳಿದಾಗ್ಲೇ ಅಂದ್ಕೊಂಡೆ. ಹೊಳೆ ಮೂಲ, ಸಂತರ ಮೂಲ ಕೆದಕಬಾರ್ದು ಕಣೇ."

"ಕೆದಕಿ ಆಯ್ತಲ್ಲ. ಹೇಳು."

ಮಾರ್ಸಲಿ ಹೆಣಿಗೆಯ ಕಡ್ಡಿ ಕೆಳಗಿಟ್ಟಳು. "ಗ್ಲಾಸ್ಗೋದಿಂದ ದಿಕ್ಕಿಲ್ಲದ ಮಕ್ಕಳನ್ನ, ದೂರದೇಶದಿಂದ ಅಲ್ಲಿಗೆ ದುಡಿಯೋಕೆ ಬಂದೋರ ಮಕ್ಕಳನ್ನೂ ಸೇರಿಸಿ, ಹಡಗಲ್ಲಿ ಕಳಿಸ್ತಿದ್ರು. ಕ್ಯಾಥೊಲಿಕ್ ಮಕ್ಕಳು ಕ್ಯಾಥೊಲಿಕ್ ದ್ವೀಪಕ್ಕೆ. ಕಟ್ಟೇಲಿ ಸಾಲಾಗಿ ನಿಲ್ಲಿಸೋರು, ಬೇಕಾದೋರು ಬೇಕಾದ ಮಗೂನ ಕರ್ಕೊಂಡು ಹೋಗೋರು. ನಾನು ಸಣ್ಣೋಳು, ನೋಡೋಕೆ ಹೋಗಿದ್ದೆ. ಕೆಂಪು ಕೋಟಿನ ಒಬ್ಳು ಹುಡುಗಿ ಇದ್ಳು, ಅವಳು ನಮ್ಮನೆಗೆ ಬರ್ಲಿ ಅಂತ ಅಮ್ಮನ ಲಂಗ ಜಗ್ಗಿದ್ದೂ ಜಗ್ಗಿದ್ದೇ. ಅಮ್ಮ ಒಪ್ಲಿಲ್ಲ. ನಿಮ್ಮಜ್ಜ ರುವರಿಗೆ ಮಕ್ಕಳಿರ್ಲಿಲ್ಲ. ಹೆಂಡ್ತಿಗೆ ಕೈಯಾಸರೆ ಆಗ್ಲಿ ಅಂತ ಹೆಣ್ಣುಮಗೂನ ತರೋಕೆ ಬಂದಿದ್ದ. ಬರೋ ಹೊತ್ತಿಗೆ ಹೆಣ್ಣೆಲ್ಲ ಮುಗ್ದಿತ್ತು. ಯಾರಿಗೂ ಬೇಡವಾಗಿ ಒಬ್ಬ ಗಂಡು ಉಳಿದಿತ್ತು, ಮೂಗು ಸುರಿಸ್ಕೊಂಡು."

"ಅದು ನಮ್ಮಪ್ಪ."

"ಇನ್ಯಾರು? ಅದಕ್ಕೊಂದು ಹೆಸರಿತ್ತು, ಯಾರ ಬಾಯಿಗೂ ಹತ್ಲಿಲ್ಲ. ರುವರಿ, ಬಾರೋ ಯಾಹನ್ ಅಂದ. ಹೆಗಲ ಮೇಲೆ ಕೂರಿಸ್ಕೊಂಡು ಹೋದ. ಅಷ್ಟೇ."

"ಅಪ್ಪನಿಗೆ ಗೊತ್ತಿತ್ತಾ?"

"ಐದು ವರ್ಷದ ಮಗೂಗೆ ಹಡಗು ಮರೆಯುತ್ತಾ? ಗೊತ್ತಿತ್ತು. ನಮಗೂ ಗೊತ್ತಿತ್ತು. ನಾವು ಗೊತ್ತಿದ್ದೋರೆಲ್ಲ ಈಗ ಮಣ್ಣು ಸೇರಿದೀವಿ, ನಾನೊಬ್ಳು ದಾರಿ ತಪ್ಪಿ ಉಳ್ಕೊಂಡೆ."

ಓಯ್ರಿಕ್ ಕೊನೆಗೂ ಕೂತಳು. "ಹಾಗಾದ್ರೆ ಅಪ್ಪ ವರ್ಷವರ್ಷವೂ ಸಂತನ ಮುಂದೆ ಸುಳ್ಳು ಹೇಳಿದ್ನಾ ಮಾರ್ಸಲಿ?"

ಮುದುಕಿಗೆ ಸಿಟ್ಟು ಬಂತು. "ಕಿವಿ ಇಟ್ಕೊಂಡು ಏನ್ ಮಾಡ್ತಿದ್ದೆ ಇಷ್ಟು ವರ್ಷ? ಅಪ್ಪ ಏನು ಹೇಳ್ತಿದ್ದ, ಹೇಳು ನೋಡೋಣ."

ಓಯ್ರಿಕ್ ಹೇಳತೊಡಗಿದಳು. "ಯಾಹನ್, ರುವರಿಯವನು. ರುವರಿ, ಲಾಕ್ಲನ್ ಮಗ. ಲಾಕ್ಲನ್, ತೋರ್ಕಲ್ ಮಗ. ತೋರ್ಕಲ್..." ಅಲ್ಲಿಗೆ ನಿಂತಳು. ಮತ್ತೆ ಮೊದಲಿಂದ ತುಟಿಯಲ್ಲೇ ಹೇಳಿಕೊಂಡಳು. ಅಪ್ಪ ತನ್ನ ಹೆಸರಿನ ಮುಂದೆ ಮಾತ್ರ ಎಂದೂ 'ಮಗ' ಎಂದಿರಲಿಲ್ಲ. ರುವರಿಯವನು. ಉಳಿದವರೆಲ್ಲ ಮಗ, ಮಗ, ಮಗ. ಇಷ್ಟು ವರ್ಷ ಅದನ್ನು ಅವಳು ಹಳೆಯ ಕಾಲದ ಧಾಟಿ ಅಂದುಕೊಂಡಿದ್ದಳು.

"ನಾವು ಕೇಳೋದು ಯಾರಿಗೆ ಹುಟ್ಟಿದೆ ಅಂತ ಅಲ್ಲ," ಎಂದಳು ಮಾರ್ಸಲಿ. "ಯಾರವನು ಅಂತ. ಕೇಳಿದ್ದಕ್ಕೆ ಅವನು ಸರಿಯಾಗೇ ಹೇಳಿದ. ಮೊದಲ ವರ್ಷ ಅಷ್ಟು ಹೇಳೋದಕ್ಕೆ ಎಷ್ಟು ಹೊತ್ತು ತಗೊಂಡ ಗೊತ್ತಾ? ಜನ ಎಲ್ಲ ಮಳೇಲಿ ನಿಂತು ನೆನೆದ್ರು. ಇನ್ನು ಆ ತೋರ್ಕಲ್ ಅನ್ನೋದು ಯಾವ ಊರ ಹೆಸರು ಅನ್ಕೊಂಡಿದೀಯ? ನಾರ್ವೆಯಿಂದ ಕೊಳ್ಳೆ ಹೊಡೆಯೋಕೆ ಬಂದೋರದ್ದು. ಗಂಟೆ ಕದಿಯೋಕೆ ಬಂದೋನ ಮೊಮ್ಮಗನೇ ಗಂಟೆ ಕಾದಿರ್ಬೇಕು. ಸಂತ ತಾನೇ ಇಲ್ಲೀವನಾ? ಐರ್ಲೆಂಡಿಂದ ದೋಣೀಲಿ ಬಂದು ಬಿದ್ದೋನು. ಆ ಹಲ್ಲಿನ ಡಾಕ್ಟ್ರು ಬೇರೆ, ಕೆಲ್ಟಂತೆ ಕೆಲ್ಟು!"

ಓಯ್ರಿಕ್ ನಕ್ಕಳು, ನಗುತ್ತಲೇ ಅತ್ತಳು. ಕೋಪ ಇಳಿದಿತ್ತು, ಆದರೆ ಇನ್ನೊಂದು ಪೇಚು ಉಳಿದಿತ್ತು. "ಗಂಟೆ ಕೊಟ್ಟುಬಿಟ್ಟೆನಲ್ಲ," ಎಂದಳು.

"ಕೇಳಿ ಇಸ್ಕೋ."

"ಕೊಟ್ಟಿದ್ದನ್ನ ಕೇಳೋದಾ? ನನ್ನ ಕೈಲಿ ಆಗಲ್ಲ."

"ಸೊಕ್ಕು ಮಾತ್ರ ಅಪ್ಪಟ ಮ್ಯಾಕಿಂಡೋರ್‌ದು," ಎಂದು ಮಾರ್ಸಲಿ ಮತ್ತೆ ಹೆಣಿಗೆಗೆ ಕೈ ಹಾಕಿದಳು.

ಓಯ್ರಿಕ್ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಶನಿವಾರದವರೆಗೂ ವೆಂಡೆಲ್ ಅವಳ ಮನೆಯತ್ತ ಸುಳಿಯಲಿಲ್ಲ, ಅವಳೂ ಕಟ್ಟೆಯ ಕಡೆಗೆ ಹೋಗಲಿಲ್ಲ. ಅವನು ಸಮುದ್ರದ ದಂಡೆಯಲ್ಲಿ ಅಡ್ಡಾಡುತ್ತ ಏನೋ ಬಾಯಿಪಾಠ ಮಾಡುತ್ತಿದ್ದಾನೆಂದು ಫಿನ್ಲೆ ಬಂದು ಹೇಳಿದ. "ಹೆಸರುಗಳಿರ್ಬೇಕು," ಎಂದ. ಓಯ್ರಿಕ್ ಕೋಳಿಗೆ ಕಾಳು ಹಾಕಿದಳು. ಗೊಣಗಿಕೊಳ್ಳಲು ಬಾಯಿ ಬರಲಿಲ್ಲ.

ಭಾನುವಾರ ಪೂಜೆ ಮುಗಿದ ಮೇಲೆ ಜನ ಗುಡ್ಡದ ಮುರುಕು ಗುಡಿಗೆ ಹೊರಟರು. ಓಯ್ರಿಕ್ ಹಿಂದೆ, ಹೆಂಗಸರ ನಡುವೆ ನಿಂತಳು. ಬರುವುದೇ ಬೇಡವೆಂದುಕೊಂಡಿದ್ದಳು, ಆದರೆ ಅವನು ಹೇಗೆ ಹೇಳುತ್ತಾನೋ ನೋಡಬೇಕೆಂಬ ಕೆಟ್ಟ ಕುತೂಹಲ ಅವಳನ್ನು ಎಳೆದು ತಂದಿತ್ತು. ವೆಂಡೆಲ್ ಬಂದ. ಕಿಲ್ಟ್ ಇರಲಿಲ್ಲ. ಎಲ್ಲರ ಹಾಗೆ ಕಪ್ಪು ಪ್ಯಾಂಟು, ಮಳೆಕೋಟು. ಎರಡೂ ಕೈಯಲ್ಲಿ ಗಂಟೆ ಹಿಡಿದಿದ್ದ. ಜನರ ನಡುವೆ ಪಿಸುಮಾತು ಹರಿದು ನಿಂತಿತು.

ಮಾರ್ಸಲಿ ಬಾಗಿಲಲ್ಲಿ ಕೋಲು ಊರಿ ನಿಂತಿದ್ದಳು. ಅವಳಿಗೆ ಕಣ್ಣು ಸರಿಯಾಗಿ ಕಾಣದಿದ್ದರೂ ಎದುರಿಗೆ ಇರುವವನು ಯಾರೆಂದು ಚೆನ್ನಾಗಿ ಗೊತ್ತಿತ್ತು.

"ಯಾರವನೋ ನೀನು?"

ಅವನ ಮುಖ ಬಿಳಿಚಿತು. ಬಾಯಿಪಾಠ ಮಾಡಿಕೊಂಡು ಬಂದದ್ದು ಅಷ್ಟು ಜನರ ಮುಂದೆ ಹಾರಿಹೋಗಿತ್ತೋ ಏನೋ. ಗಂಟೆಯನ್ನು ಮುಂದೆ ಚಾಚಿ, ಗುಂಪಿನಲ್ಲಿ ಓಯ್ರಿಕ್‌ಳನ್ನು ಹುಡುಕಿ, ಗಟ್ಟಿಯಾಗಿ ಹೇಳಿದ:

"ನಾನು ಓಯ್ರಿಕ್‌ಳವನು."

ಗುಡ್ಡವೆಲ್ಲ ನಗು. ನಮ್ಮ ಮಾತಿನಲ್ಲಿ ಗಂಡಸೊಬ್ಬ ತಾನು ಇಂಥ ಹೆಂಗಸಿನವನು ಎಂದರೆ ಅರ್ಥ ಒಂದೇ.

"ಮದ್ವೆ ಊಟ ಯಾವಾಗಪ್ಪಾ?" ಎಂದು ಫಿನ್ಲೆ ಕೂಗಿದ. "ಅದಕ್ಕೇ ಅಲ್ವಾ ಬೇಲಿ ಎಲ್ಲ ಕಟ್ಟಿದ್ದು!"

ವೆಂಡೆಲ್ ಕಿವಿಯವರೆಗೂ ಕೆಂಪಾದ. "ಅಲ್ಲ, ಅಲ್ಲ! ಇದು... ಗಂಟೆ... ಗಂಟೆ ಓಯ್ರಿಕ್‌ದು," ಎಂದು ತೊದಲಿದ. ಅವನು ಮೂರು ದಿನ ಬಾಯಿಪಾಠ ಮಾಡಿದ್ದು ಅದೊಂದೇ ವಾಕ್ಯವನ್ನಂತೆ. 'ಇದು' ಎನ್ನುವ ಕಡೆ 'ನಾನು' ಬಂದುಬಿಟ್ಟಿತ್ತು; ಗೇಲಿಕ್‌ನಲ್ಲಿ ಉಳಿದ ಮಾತು ಎರಡಕ್ಕೂ ಒಂದೇ. ನಗು ಇನ್ನೂ ಜೋರಾಯಿತು. ಮಾರ್ಸಲಿ ಮಾತ್ರ ನಗಲಿಲ್ಲ. ಕೋಲಿನಿಂದ ಕಲ್ಲಿಗೆ ಕುಟ್ಟಿ ಸುಮ್ಮನಾಗಿಸಿದಳು.

"ಮೊದಲು ಹೇಳಿದ್ದೇ ಇರ್ಲಿ," ಎಂದಳು. "ಇವನು ಓಯ್ರಿಕ್‌ಳವನು. ಹಾಗಾದ್ರೆ ಓಯ್ರಿಕ್ ಯಾರವಳು?"

ಎಲ್ಲರೂ ತಿರುಗಿದರು. ಹೆಂಗಸರು ದಾರಿ ಬಿಟ್ಟರು. ಅವಳು ಮುಂದೆ ಬಂದಳು. ವೆಂಡೆಲ್ ಗಂಟೆಯನ್ನು ಅವಳ ಕೈಗಿಟ್ಟು ಪಕ್ಕಕ್ಕೆ ಸರಿದ. ಅಪ್ಪ ಹೇಳುತ್ತಿದ್ದ ಹಾಗೆಯೇ ಹೇಳಿದರೆ ಸಾಕಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕಟ್ಟೆಯಲ್ಲಿ ಮೂಗು ಸುರಿಸಿಕೊಂಡು ನಿಂತ ಆ ಮಗು ಅವಳ ಕಣ್ಣಿನಿಂದ ಹೋಗುತ್ತಿರಲಿಲ್ಲ. ಅದನ್ನು ಯಾರೋ ಹೆತ್ತಿದ್ದರು. ಯಾರೋ ಅದರ ಕೂದಲು ಬಾಚಿದ್ದರು.

"ಓಯ್ರಿಕ್, ಯಾಹನ್ ಮಗಳು," ಎಂದಳು. "ಯಾಹನ್..." ಗಂಟೆಯನ್ನು ಎದೆಗೊತ್ತಿಕೊಂಡಳು. "ಯಾಹನ್, ಲಿಥುವೇನಿಯಾದ ಒಬ್ಬ ತಾಯಿ ಮಗ. ಅವಳ ಹೆಸರು ನನಗೆ ಗೊತ್ತಿಲ್ಲ. ಯಾಹನ್, ರುವರಿಯವನು. ರುವರಿ, ಲಾಕ್ಲನ್ ಮಗ. ಲಾಕ್ಲನ್, ತೋರ್ಕಲ್ ಮಗ..."

ಒಂದು ಹೆಸರೂ ತಪ್ಪದೆ ಸಂತನ ಸೇವಕನವರೆಗೆ ಹೇಳಿ ಮುಗಿಸಿದಳು. ಗುಂಪಿನಲ್ಲಿ ಒಬ್ಬಿಬ್ಬರು ಮುದುಕರು ಟೊಪ್ಪಿಗೆ ತೆಗೆದರು; ಅವರ ಅಪ್ಪಂದಿರೂ ಯಾವ ಹಡಗಿನಲ್ಲಿ ಬಂದಿದ್ದರೋ, ಅವರೇ ಬಲ್ಲರು. ಮಾರ್ಸಲಿ ಶಿಲುಬೆಯ ಗುರುತು ಮಾಡಿಕೊಂಡು, ಕೋಲು ಎತ್ತಿ ಬಾಗಿಲು ಬಿಟ್ಟಳು.

ಗಂಟೆ ಹಿಡಿದು ಗುಡಿಯನ್ನು ಬಲಗೊಳ್ಳುವುದು ಮೂರು ಸಲ: ತಂದೆಗೆ, ಮಗನಿಗೆ, ಪವಿತ್ರಾತ್ಮನಿಗೆ. ಓಯ್ರಿಕ್ ಮೂರು ಸುತ್ತು ಮುಗಿಸಿ ಬಾಗಿಲಿಗೆ ಬಂದು ನಿಂತಳು. ಹಿಂದೆ ವೆಂಡೆಲ್, ಅವನ ಹಿಂದೆ ಊರು.

"ಯಾಕೆ ನಿಂತೆ?" ಎಂದಳು ಮಾರ್ಸಲಿ.

"ಮೂರಾಯ್ತಲ್ಲ."

"ಆ ತಾಯಿಗೆ ಯಾರೂ ಸುತ್ತಿಲ್ವಲ್ಲೇ ಇದುವರೆಗೂ," ಎಂದಳು ಮುದುಕಿ. "ನಡಿ, ಇನ್ನೊಂದು ಸುತ್ತು."